ಕಾಗದದಿಂದ ಹುಟ್ಟಿದ ಕಾರು

ವಿಶ್ವೇಶ್ವರಯ್ಯನವರ ಹೆಸರು ಬಂದರೆ ನಮಗೆ ಕನ್ನಂಬಾಡಿ ನೆನಪಾಗುತ್ತದೆ, ಭದ್ರಾವತಿಯ ಕಬ್ಬಿಣ ನೆನಪಾಗುತ್ತದೆ. ಅವರಿಗೆ ಕಟ್ಟಲು ಬಿಡದ ಕಾರು ಕಾರ್ಖಾನೆ ನೆನಪಾಗುವುದು ಕಡಿಮೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಮತ್ತು ಅಮೆರಿಕದ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು ಅವರು ಇಲ್ಲಿಯೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಯಾದರು. ಮುಂಬೈ ಪ್ರಾಂತದ ಕಾಂಗ್ರೆಸ್ ಸರ್ಕಾರ ಬೆಂಬಲಿಸಿತು, ಆದರೆ 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಮೇಲೆ ಮೈಸೂರು ಸಂಸ್ಥಾನ ಮುಂದೆ ಬಂದರೆ ದಿಲ್ಲಿಯ ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ವಿಮಾನ ಕಾರ್ಖಾನೆ. ಅವರ ಕಾರಿನ ಕಂಪನಿ, ಪ್ರೀಮಿಯರ್ ಆಟೊಮೊಬೈಲ್ಸ್, 1944ರಲ್ಲಿ ಹುಟ್ಟಿ ಮುಂಬೈಯ ಕುರ್ಲಾದಲ್ಲಿ ನೆಲೆಯೂರಿತು.

ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು 2025ರಲ್ಲಿ ಕೊಂಡದ್ದು ಆ ಕಂಪನಿಯ 1984ರ ಪದ್ಮಿನಿಯನ್ನು. ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಬಾಡಿಗೆ, ಮೆಸ್ಸು, ಮನೆಗೆ ಕಳಿಸುವುದು ಎಲ್ಲ ಕಳೆದು ಎರಡು ವರ್ಷದಲ್ಲಿ ಕೂಡಿದ್ದು 1,40,000. ಇಷ್ಟರಲ್ಲೇ ಕಾರೂ ಬರಬೇಕು, ದುರಸ್ತಿಯೂ ಆಗಬೇಕು.

ಮೊದಲು ನನ್ನ ಕಣ್ಣು ಬಿದ್ದದ್ದು 1950ರ ದಶಕದ ಫಿಯಟ್ 1100ರ ಮೇಲೆ. ಇಟಲಿಯವರು ಅದನ್ನು ಮಿಲೆಚೆಂತೊ ಎನ್ನುತ್ತಾರೆ, ಎಂದರೆ ಸಾವಿರದ ನೂರು. ಎಂಜಿನ್ ನಿಜಕ್ಕೂ 1089 ಸಿಸಿ. ಮುಂದಿನ ಬಾಗಿಲುಗಳು ಹಿಂದಿನಿಂದ ತೆರೆಯುವಂಥವು. 1964ರ ಡಿಲೈಟ್ ಬಂದ ಮೇಲೆ ಆ ಬಾಗಿಲು ಹೋಯಿತು. ಧಾರವಾಡದ ಹಳೆಯ ಮನೆಯೊಂದರ ಹಿತ್ತಲಲ್ಲಿ ನಿಂತಿತ್ತು, 40,000ಕ್ಕೆ ಕೊಡುತ್ತೇವೆಂದರು. ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಗ್ಯಾರೇಜು ಇಟ್ಟಿರುವ ಮಿಸ್ತ್ರಿ ಕಾಕಾನನ್ನು ಕರೆದುಕೊಂಡು ಹೋದೆ. ಬಾನೆಟ್ ಎತ್ತುವ ಮೊದಲೇ ಕಾಕಾ ಕೇಳಿದ್ದು ಒಂದೇ ಮಾತು: "ತಮ್ಮಾ, ಗಾಡಿ ಆಮ್ಯಾಲೆ ನೋಡೂಣಂತ. ಮೊದಲ ಬುಕ್ ತೋರಸಂತ ಹೇಳು."

ಬುಕ್ ಇರಲಿಲ್ಲ. ಮನೆಯವರು ಅಟ್ಟ ಹುಡುಕಿದರು, ಸಿಗಲಿಲ್ಲ. "ಇದು ಕಾರಲ್ಲ, ಗುಜರಿ" ಎಂದು ಕಾಕಾ ಹೊರಟೇಬಿಟ್ಟ.

ಆ ಮಾತಿನ ತೂಕ ತಿಳಿದದ್ದು ಆ ಕಾಲದ ಕಾರಿನ ಇತಿಹಾಸ ಓದಿದಾಗ. ಇಲ್ಲಿಯೇ ಬಿಡಿಭಾಗ ತಯಾರಿಸುವ ಕಾರ್ಯಕ್ರಮವಿಲ್ಲದವರಿಗೆ ಜಾಗವಿಲ್ಲವೆಂದು ಸರ್ಕಾರ ನಿರ್ಧರಿಸಿದ ಮೇಲೆ, 1950ರ ದಶಕದ ಮೊದಲರ್ಧದಲ್ಲಿ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಭಾರತ ಬಿಟ್ಟವು. ಉಳಿದದ್ದು ಮುಖ್ಯವಾಗಿ ಅಂಬಾಸಿಡರ್, ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಎಷ್ಟು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು, ಹಂಚುವುದಕ್ಕೆ 1959ರ ಆದೇಶ, ಬೆಲೆಗೆ 1969ರಿಂದ ಕಾನೂನಿನ ಕಡಿವಾಣ. ಬೆಲೆಯ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಕೊಳ್ಳುವವರು ಮುಂಗಡ ಕಟ್ಟಿ, ರಸೀದಿ ಹಿಡಿದು ವರ್ಷಗಟ್ಟಲೆ ಕಾಯಬೇಕಿತ್ತು. ಕಾರು ಮನೆಗೆ ಬರುವ ಎಷ್ಟೋ ಮೊದಲು ಅದರ ಕಾಗದ ಬರುತ್ತಿತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬರುವವರೆಗೂ ಈ ಕಥೆ ಹೆಚ್ಚು ಬದಲಾಗಲಿಲ್ಲ. ಹಾಗೆ ಕಾದು ಪಡೆದದ್ದನ್ನು ಯಾರು ಎಸೆಯುತ್ತಾರೆ? ಮೂವತ್ತು ವರ್ಷ ರಿಪೇರಿ ಮಾಡಿಸಿ ಓಡಿಸಿದರು. ಈ ಕಾರುಗಳು ಉಳಿದದ್ದು ಗಟ್ಟಿತನದಿಂದ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಬೇರೆ ಕಾರು ಸಿಗದ್ದರಿಂದ ಉಳಿದವು. ಕಾಕಾನಂಥವರ ಕೈಗೆ ಅಷ್ಟು ಪಳಗಿದ ಕಸುಬು ಬಂದದ್ದೂ ಅದರಿಂದಲೇ.

ಪದ್ಮಿನಿ ಸಿಕ್ಕಿದ್ದು 2024ರ ಕೊನೆಗೆ, ಹುಬ್ಬಳ್ಳಿಯಲ್ಲಿ, 62,000ಕ್ಕೆ. ನಂಬರು 'ಸಿಎ' ಎಂದು ಶುರುವಾಗುತ್ತದೆ. ಕೆಎ ಬಂದದ್ದು 1989ರಲ್ಲಿ. ಬುಕ್ ಇತ್ತು. ಮೂವರು ಮಾಲೀಕರ ಹೆಸರು, ಮೂರು ಬಗೆಯ ಮಸಿ, ಸೀಲುಗಳು. ದಫ್ತರಗಳಲ್ಲಿ ಕೂತು ಓದುವ ನನಗೆ ಕಾರಿಗಿಂತ ಆ ಪುಸ್ತಕವೇ ಮೊದಲು ಹಿಡಿಸಿತು. ಆದರೆ ಅದರಲ್ಲಿ ಎರಡು ತೊಡಕಿದ್ದವು. ಮೊದಲ ಮಾಲೀಕರು ತೆಗೆದ ಸಾಲದ ನಮೂದು ರದ್ದಾಗಿರಲಿಲ್ಲ, ಸಾಲ ತೀರಿ ಮೂವತ್ತೈದು ವರ್ಷವಾದರೂ ಕಾಗದದಲ್ಲಿ ಕಾರು ಬ್ಯಾಂಕಿಗೆ ಅಡವಿತ್ತು. ಜೊತೆಗೆ ನೋಂದಣಿಯ ಅವಧಿ 2024ರ ಜೂನಿಗೆ ಮುಗಿದಿತ್ತು. ಖಾಸಗಿ ಕಾರಿಗೆ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣ; ಶುಲ್ಕ 5,000, ತಡವಾದ ಪ್ರತಿ ತಿಂಗಳಿಗೆ 500.

5,000 ಮುಂಗಡ ಕೊಟ್ಟು, ಉಳಿದದ್ದು ಬ್ಯಾಂಕಿನ ಪತ್ರ ಬಂದ ಮೇಲೆ ಎಂದು ಬರೆದುಕೊಂಡೆವು. ಪತ್ರ ಫೆಬ್ರುವರಿಗೆ ಬಂತು. ಅಷ್ಟರಲ್ಲಿ ಇನ್ನೊಂದು ಪೇಚು. ನವೀಕರಣಕ್ಕೆ ಕಾರನ್ನು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಬ್ರೇಕು, ದೀಪ, ಹಾರ್ನು ಸರಿ ಇರಬೇಕು. ನನ್ನ ಹೆಸರಿಗೆ ಇನ್ನೂ ಆಗದ ಕಾರಿಗೆ ಬ್ರೇಕು ಮತ್ತು ವೈರಿಂಗಿಗೆಂದು 21,000 ಸುರಿದೆ. ಮಾರುವವರು ಮನಸ್ಸು ಬದಲಿಸಿದ್ದರೆ ನನ್ನ ಉಳಿತಾಯದ ಏಳನೇ ಒಂದು ಭಾಗ ಬೇರೆಯವರ ಕಾರಿನಲ್ಲಿ ಇರುತ್ತಿತ್ತು. ಬದಲಿಸಲಿಲ್ಲ. ಎಂಟು ತಿಂಗಳ ದಂಡ ಸೇರಿ 9,000 ಕಟ್ಟಿದೆ. ಅದೇ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳ ನವೀಕರಣ ಶುಲ್ಕವನ್ನೇ 10,000ಕ್ಕೆ ಏರಿಸಿದರು.

ಎಂಜಿನ್ ತಿರುಗುತ್ತಿತ್ತು, ಕಾಕಾ ಅದಕ್ಕೆ ಕೈ ಹಚ್ಚಲಿಲ್ಲ. ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆಂದು ಪೈಪುಗಳನ್ನಷ್ಟೇ ಬದಲಿಸಿದ. ಖರ್ಚು ಇರುವುದು ತಗಡಿನಲ್ಲಿ. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಒಡಲೇ ಚಾಸಿಸ್. ಹಾಗಾಗಿ ನೆಲಕ್ಕೆ ತುಕ್ಕು ಹಿಡಿದರೆ ಚಾಪೆ ಹಾಸಿ ಮುಚ್ಚುವ ಹಾಗಿಲ್ಲ, ಬೆನ್ನೆಲುಬಿಗೇ ತುಕ್ಕು. ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಚಾಲಕನ ಕಾಲ ಕೆಳಗೆ: ಕಾಕಾ ಸ್ಕ್ರೂಡ್ರೈವರಿನಿಂದ ಚುಚ್ಚಿದಲ್ಲೆಲ್ಲ ಅದು ಒಳಗಿಳಿಯಿತು. ಕೊಳ್ಳುವವರು ಬಣ್ಣ ನೋಡದೆ ಈ ಮೂರು ಜಾಗ ಚುಚ್ಚಿ ನೋಡಲಿ. ಟಿಂಕರಿಂಗಿಗೆ ಇಲ್ಲಿಯವರೆಗೆ 38,000 ಹೋಗಿದೆ.

ಬಿಡಿಭಾಗಕ್ಕೆ ಈಗಲೂ ಮುಂಬೈಯೇ ಗತಿ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಹೊಸ ಭಾಗ ಮಾಡುವವರು ಕಡಿಮೆಯಾಗಿ ಹಳೆಯವು ಗುಜರಿಯಿಂದ ಬರುತ್ತಿವೆ. 1956ರವರೆಗೆ ಧಾರವಾಡ ಮುಂಬೈ ರಾಜ್ಯದಲ್ಲೇ ಇತ್ತು. ಆ ನಂಟು ಗ್ಯಾರೇಜಿನ ಮಾತಿನಲ್ಲಿ ಇನ್ನೂ ಇದೆ: ಕಾಕಾ "ಬಾಂಬೆ ಮಾಲ್" ಎಂದರೆ ಅಸಲಿ ಎಂದರ್ಥ.

ಐವತ್ತು ವರ್ಷ ತುಂಬಿದ ಕಾರಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಅದನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ ಇಂಥವಕ್ಕೆ ಮಾತ್ರ ಅವಕಾಶ. ನನ್ನದಕ್ಕೆ ಆ ಅರ್ಹತೆ ಬರುವುದು 2034ಕ್ಕೆ. ಸದ್ಯಕ್ಕೆ ಹಿಂದಿನ ಸೀಟಿನ ಕೆಳಗಿನ ತಗಡು ಬಾಕಿ, ಬಣ್ಣ ಬಾಕಿ, ಕಿಸೆಯಲ್ಲಿ ಹತ್ತು ಸಾವಿರ. ಮಳೆ ಹಿಡಿಯುವ ಮೊದಲು ತಗಡು ಮುಗಿಸೋಣವೆಂದಿದ್ದಾನೆ ಕಾಕಾ.