ಅಸಲಿ ವಿಟಮಿನ್, ನಕಲಿ ವಿಟಮಿನ್

1940ರ ದಶಕದ ನಡುವಿನವರೆಗೂ ಮಕ್ಕಳ ಬ್ಲಡ್ ಕ್ಯಾನ್ಸರ್‌ಗೆ ನೆಚ್ಚಬಹುದಾದ ಮದ್ದು ಇರಲಿಲ್ಲ. ರಕ್ತ ಕೊಡುವುದು, ನೋವು ತಗ್ಗಿಸುವುದು, ಅಷ್ಟೇ. ತೀವ್ರ ಲ್ಯುಕೀಮಿಯಾ ಎಂದು ಗೊತ್ತಾದ ಮಗು ಬದುಕುತ್ತಿದ್ದದ್ದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಈ ಸ್ಥಿತಿಯನ್ನು ಮೊದಲು ಅಲುಗಾಡಿಸಿದ ಔಷಧದ ಜಾಡು ಹಿಡಿದು ಹಿಂದಕ್ಕೆ ಹೋದರೆ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ಬಳಿ ಬಂದು ನಿಲ್ಲುತ್ತೇವೆ.

1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಆ ಹೆಂಗಸರ ವಿಪರೀತ ರಕ್ತಹೀನತೆಯನ್ನು ಪರೀಕ್ಷಿಸಲು ಬಂದರು. ಅವರಿಗೆ ಗುಣ ಕೊಟ್ಟದ್ದು ಯೀಸ್ಟಿನ ಸಾರ. ಬ್ರಿಟಿಷರು ಬ್ರೆಡ್ಡಿಗೆ ಹಚ್ಚಿ ತಿನ್ನುವ ಅಗ್ಗದ ಮಾರ್ಮೈಟ್. ಅದರೊಳಗಿನ ಸತ್ವ ಯಾವುದೆಂದು ಆಗ ತಿಳಿದಿರಲಿಲ್ಲ. ಮುಂದೆ ಅದಕ್ಕೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು.

ಅದನ್ನು ಕಾರ್ಖಾನೆಯಲ್ಲಿ ತಯಾರಿಸುವ ಹಾದಿ ಕಂಡುಕೊಂಡದ್ದು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನ ಲೆಡರ್ಲೆ ಕಂಪನಿ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್. ಮೆಟ್ರಿಕ್‌ನಲ್ಲೇ ನಪಾಸಾಗಿ, ಮೂರನೆಯ ಸಲ ದಾಟಿದವರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಖಾದಿಯ ಗೌನು ತೊಟ್ಟು ಇಂಗ್ಲಿಷ್ ಪ್ರೊಫೆಸರರ ಕೆಂಗಣ್ಣಿಗೆ ಗುರಿಯಾದರು. ಕೈಗೆ ಸಿಕ್ಕಿದ್ದು ಎಂಬಿಬಿಎಸ್ ಅಲ್ಲ, ಅದಕ್ಕಿಂತ ಕೆಳಗಿನ ಎಲ್‌ಎಂಎಸ್. ಅಣ್ಣ ತೀರಿಕೊಂಡದ್ದು ಸ್ಪ್ರೂ ಎಂಬ ಹೊಟ್ಟೆಯ ಕಾಯಿಲೆಯಿಂದ. ಅದೇ ಕಾಯಿಲೆಗೆ ಫೋಲಿಕ್ ಆಮ್ಲ ಮದ್ದಾಯಿತು ಎಂಬುದು ಕತೆಗಾರನೊಬ್ಬ ಬರೆದಿದ್ದರೆ ಅತಿಯಾಯಿತು ಎನ್ನಬೇಕಾಗುತ್ತಿತ್ತು.

ಹಾರ್ವರ್ಡ್‌ನಲ್ಲಿ ಅವರು ಸೈರಸ್ ಫಿಸ್ಕ್ ಜೊತೆ ರಕ್ತ, ಮೂತ್ರಗಳಲ್ಲಿನ ರಂಜಕವನ್ನು ಅಳೆಯುವ ವಿಧಾನ ರೂಪಿಸಿದ್ದರು. ವಿದ್ಯಾರ್ಥಿಗಳು ಅದನ್ನು ಇಂದಿಗೂ ಫಿಸ್ಕ್–ಸುಬ್ಬಾರಾವ್ ವಿಧಾನ ಎಂದೇ ಕಲಿಯುತ್ತಾರೆ. ಆದರೂ ಆ ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಅವರು ಕಂಪನಿ ಸೇರಿದರು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ಅವರ ದಿನಗಳು ಹೆಚ್ಚಾಗಿ ಶವಪರೀಕ್ಷೆಯಲ್ಲೇ ಕಳೆಯುತ್ತಿದ್ದವು. ಫೋಲಿಕ್ ಆಮ್ಲ ರಕ್ತಹೀನರ ಮಜ್ಜೆಯನ್ನು ಚೇತರಿಸುವುದಾದರೆ ಲ್ಯುಕೀಮಿಯಾದ ಮಜ್ಜೆಯನ್ನೂ ಸರಿದಾರಿಗೆ ತಂದೀತು ಎಂಬ ಆಸೆಯಿಂದ ಅದರ ಸಂಯುಕ್ತಗಳನ್ನು ಮಕ್ಕಳಿಗೆ ಕೊಟ್ಟರು. ಆದದ್ದು ತಿರುಗುಮುರುಗು. ರೋಗ ಇನ್ನೂ ಬಿರುಸಾಯಿತು. ಇಂದಿನ ಯಾವ ನೈತಿಕ ಸಮಿತಿಯೂ ಈ ಪ್ರಯೋಗವನ್ನು ಸುಲಭವಾಗಿ ಒಪ್ಪಲಾರದು. ಫಾರ್ಬರ್ ಹೆಗ್ಗಳಿಕೆ ಇರುವುದು ಆ ಸೋಲನ್ನು ಓದಿದ ರೀತಿಯಲ್ಲಿ: ಕೊಟ್ಟರೆ ಬೆಳೆಯುವುದಾದರೆ, ಕಿತ್ತುಕೊಂಡರೆ?

ಕಿತ್ತುಕೊಳ್ಳುವ ವಸ್ತು ಸುಬ್ಬಾರಾವ್ ತಂಡದ ಬಳಿ ಇತ್ತು. ಫೋಲಿಕ್ ಆಮ್ಲದಂತೆಯೇ ಕಾಣುವ, ಅದರ ಕೆಲಸ ಮಾತ್ರ ಮಾಡದ ಅಣುಗಳು. ಬೀಗಕ್ಕೆ ತೂರಿಸಿ ಒಳಗೇ ಮುರಿದ ಕೀಲಿಯಂತೆ ಅವು ಕಿಣ್ವದಲ್ಲಿ ಕಚ್ಚಿಕೊಳ್ಳುತ್ತವೆ. ಅಸಲಿಗೆ ಜಾಗವಿಲ್ಲ, ಕೋಶಕ್ಕೆ ಹೊಸ ಡಿಎನ್‌ಎ ಕಟ್ಟಲು ಸಾಮಗ್ರಿಯಿಲ್ಲ. ಅಂಥದೊಂದು ಅಣು ಅಮಿನಾಪ್ಟೆರಿನ್. ಲೆಡರ್ಲೆಯ ಡೋರಿಸ್ ಸೀಗರ್ ತಯಾರಿಸಿದ ಅದು 1947ರ ಕೊನೆಯಲ್ಲಿ ಬಾಸ್ಟನ್ ತಲುಪಿತು. ಹಾಸಿಗೆ ಹಿಡಿದಿದ್ದ ಕೆಲವು ಮಕ್ಕಳು ಎದ್ದು ಓಡಾಡಿದರು.

1948ರ ಜೂನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಈ ವರದಿಯನ್ನು ಪ್ರಕಟಿಸಿತು: 16 ಮಕ್ಕಳಲ್ಲಿ 10 ಮಂದಿಗೆ ಗುಣ ಕಂಡಿತ್ತು. ಶೀರ್ಷಿಕೆಯಲ್ಲೇ ‘ತಾತ್ಕಾಲಿಕ’ ಎಂಬ ಮಾತಿತ್ತು. ಅದು ನಿಜವೂ ಆಗಿತ್ತು. ತಿಂಗಳುಗಳಲ್ಲಿ ರೋಗ ಮರಳುತ್ತಿತ್ತು. ಲೇಖಕರ ಪಟ್ಟಿಯಲ್ಲಿ ಸುಬ್ಬಾರಾವ್ ಇರಲಿಲ್ಲ. ಎರಡು ತಿಂಗಳಲ್ಲಿ, ಆಗಸ್ಟ್‌ನಲ್ಲಿ, 53ನೇ ವಯಸ್ಸಿಗೆ ಅವರು ತೀರಿಕೊಂಡರು.

ಅವರನ್ನು ಅನ್ಯಾಯಕ್ಕೊಳಗಾದ ಭಾರತೀಯ ಎಂದಷ್ಟೇ ಕೊಂಡಾಡುವ ಲೇಖನಗಳಲ್ಲಿ ಸೀಗರ್ ಹೆಸರೂ ವಿಲ್ಸ್ ಹೆಸರೂ ಕಾಣುವುದು ಅಪರೂಪ. ಕಲಬುರಗಿ, ಬೀದರ್ ಕಡೆ ಆನೆಕಾಲು ರೋಗ ತಡೆಯಲು ಆರೋಗ್ಯ ಕಾರ್ಯಕರ್ತರು ಮನೆಬಾಗಿಲಲ್ಲೇ ನುಂಗಿಸುವ ಡಿಇಸಿ ಮಾತ್ರೆಯೂ ಸುಬ್ಬಾರಾವ್ ನಡೆಸಿದ ಪ್ರಯೋಗಾಲಯದ್ದೇ; ಅದೂ ಒಂದು ತಂಡದ ದುಡಿಮೆ.

ತಾತ್ಕಾಲಿಕವನ್ನು ಶಾಶ್ವತ ಮಾಡಲು ಒಂದೇ ಮದ್ದು ಸಾಲದಾಯಿತು. 1960ರ ದಶಕದಲ್ಲಿ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯ ಡೊನಾಲ್ಡ್ ಪಿಂಕೆಲ್ ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟರು, ಮಿದುಳಿನ ಸುತ್ತ ಅಡಗುವ ಕೋಶಗಳನ್ನೂ ಬಿಡಲಿಲ್ಲ. ದಶಕದ ಕೊನೆಗೆ ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಅಮಿನಾಪ್ಟೆರಿನ್ ಬದಿಗೆ ಸರಿದು ಅದರ ತಮ್ಮ ಮೆಥೊಟ್ರೆಕ್ಸೇಟ್ ಉಳಿಯಿತು. ಈಗಲೂ ಲ್ಯುಕೀಮಿಯಾ, ಲಿಂಫೋಮಾಗಳಿಗೆ ಅದನ್ನು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೆ ಹರಿಸುತ್ತಾರೆ. ಆಮೇಲೆ ಗಡಿಯಾರ ನೋಡಿಕೊಂಡು, ಆರೋಗ್ಯವಂತ ಕೋಶಗಳು ಸಾಯದಂತೆ, ಫೋಲಿಕ್ ಆಮ್ಲದ ಹತ್ತಿರದ ಬಂಧು ಲ್ಯೂಕೊವೊರಿನ್ ಚುಚ್ಚುತ್ತಾರೆ.