ಕೆಲಸ ಸಿಗದಿರುವುದಕ್ಕೆ ಸೋಮಾರಿತನವೇ ಕಾರಣವೇ? ಅಮೆರಿಕದ ನಗರಗಳು ಹೇಳುವುದೇನು?

ಹೇಳಿಕೆ: "ಅಮೆರಿಕದಲ್ಲಿ ಎಲ್ಲರಿಗೂ ಸಮಾನ ಅವಕಾಶವಿದೆ. ಕಪ್ಪುವರ್ಣೀಯರಲ್ಲಿ ನಿರುದ್ಯೋಗ ಹೆಚ್ಚಿರಲು ಅವರ ಸೋಮಾರಿತನವೇ ಕಾರಣ." ಇಂಥ ಮಾತು ಫಾರ್ವರ್ಡ್‌ಗಳಲ್ಲಿ ಓಡಾಡುತ್ತಿರುತ್ತದೆ. ಇದು ನಿಜವೇ? ನೋಡೋಣ.

ಮನೆ ಇಲ್ಲಿ, ಕೆಲಸ ಅಲ್ಲಿ

1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆ ತಯಾರಿಸಿ, ಕಪ್ಪುವರ್ಣೀಯರ ಬಡಾವಣೆಗಳನ್ನು 'ಅಪಾಯಕಾರಿ' ಎಂದು ಕೆಂಪು ಬಣ್ಣದಲ್ಲಿ ಗುರುತಿಸಿತು. ಅಲ್ಲಿ ಮನೆ ಸಾಲ ಸಿಗುವುದು ಕಷ್ಟವಾಗಿತ್ತು. ನಗರದ ಹೊರವಲಯದ ಅನೇಕ ಹೊಸ ಬಡಾವಣೆಗಳಲ್ಲಿ ಬಿಳಿಯರಿಗಷ್ಟೇ ಮನೆ ಮಾರುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಕಾರ್ಖಾನೆ, ಅಂಗಡಿಗಳೂ ಹೊರವಲಯಕ್ಕೆ ಹೋದವು. ಕೆಲಸ ದೂರ ಹೋಯಿತು. ಕೆಲಸ ಬೇಕಾದವರು ಅದರ ಹತ್ತಿರ ಮನೆ ಮಾಡುವಂತಿರಲಿಲ್ಲ. ಅರ್ಥಶಾಸ್ತ್ರಜ್ಞ ಜಾನ್ ಕೇನ್ 1968ರಲ್ಲಿ ಷಿಕಾಗೊ, ಡೆಟ್ರಾಯಿಟ್ ನಗರಗಳ ಅಂಕಿಅಂಶಗಳನ್ನು ಮುಂದಿಟ್ಟು ಈ ಅಂತರದತ್ತ ಗಮನ ಸೆಳೆದರು. ಮನೆ ಖರೀದಿ, ಬಾಡಿಗೆಯಲ್ಲಿ ತಾರತಮ್ಯ ನಿಷೇಧಿಸುವ ಕಾನೂನು ಬಂದದ್ದೂ ಅದೇ ವರ್ಷ.

ಬಸ್ಸು ಇಲ್ಲದಿದ್ದರೆ?

1965ರಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಪ್ರದೇಶದಲ್ಲಿ ಗಲಭೆಯಾಗಿ 34 ಮಂದಿ ಸತ್ತರು. ಅಲ್ಲಿಯ ಜನ ಕೆಲಸ ಹುಡುಕಲು, ಕೆಲಸಕ್ಕೆ ಹೋಗಲು ಬಸ್ ಸೌಕರ್ಯದ ಕೊರತೆಯೂ ಅಡ್ಡಿಯಾಗಿದೆ ಎಂದು ತನಿಖಾ ಆಯೋಗ ಹೇಳಿತು.

1995ರಲ್ಲಿ ಬಫಲೋ ನಗರದ ಹೊರಗಿನ ಮಾಲ್‌ನಲ್ಲಿ ಕೆಲಸಕ್ಕಿದ್ದ 17 ವರ್ಷದ ಕಪ್ಪುವರ್ಣೀಯ ಯುವತಿ, ಏಳು ಪಥದ ರಸ್ತೆ ದಾಟುವಾಗ ಟ್ರಕ್ ಹೊಡೆದು, ಮುಂದೆ ಪ್ರಾಣ ಬಿಟ್ಟಳು. ಅವಳ ಬಡಾವಣೆಯಿಂದ ಬರುವ ಸಿಟಿ ಬಸ್ಸಿಗೆ ಮಾಲ್ ಆವರಣದಲ್ಲಿ ನಿಲುಗಡೆ ಇರಲಿಲ್ಲ.

ಹಾಗಾದರೆ ಬಸ್ಸು ಬಿಟ್ಟರೆ ಸಾಕೇ?

ಸಾಲದು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಮತ್ತು ಷಿಕಾಗೊದ ಕಂಪನಿಗಳಿಗೆ ಒಂದೇ ಮಟ್ಟದ ಅರ್ಹತೆಯ ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಲಾಗಿತ್ತು. ಬಿಳಿಯರದೆಂದು ತೋರುವ ಹೆಸರುಗಳಿಗೆ ಸುಮಾರು ಶೇ 50ರಷ್ಟು ಹೆಚ್ಚು ಕರೆ ಬಂದವು.

1994ರಲ್ಲಿ ಆರಂಭವಾದ ಸರ್ಕಾರಿ ಪ್ರಯೋಗವೊಂದು ಐದು ನಗರಗಳ ಬಡ ಕುಟುಂಬಗಳಿಗೆ ಬಡತನ ಕಡಿಮೆ ಇರುವ ಕಡೆ ಮನೆ ಮಾಡಲು ನೆರವು ನೀಡಿತು. ದೊಡ್ಡವರ ದುಡಿಮೆಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಆದರೆ 13 ವರ್ಷ ತುಂಬುವ ಮೊದಲೇ ಅಲ್ಲಿಗೆ ಹೋದ ಮಕ್ಕಳು ದೊಡ್ಡವರಾದ ಮೇಲೆ ಹೆಚ್ಚು ಸಂಪಾದಿಸಿದರು.

ತೀರ್ಮಾನ: ಹೇಳಿಕೆ ದಾರಿ ತಪ್ಪಿಸುವಂಥದ್ದು. ಕೆಲಸ ಸಿಗಲು ಮನಸ್ಸಿದ್ದರಷ್ಟೇ ಸಾಲದು. ಮನೆ ಎಲ್ಲಿದೆ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ, ಅರ್ಜಿಯ ಮೇಲೆ ಯಾವ ಹೆಸರಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂಥ ಸಂದೇಶ ನಿಮಗೆ ಬಂದರೆ ಫಾರ್ವರ್ಡ್ ಮಾಡಬೇಡಿ.