ಗಾಳಿ ತುಂಬುವವರು

ಗಾಳಿಯ ಬಗ್ಗೆ ನಮ್ಮ ಕನ್ನಡದ ಮಾತುಗಳಿಗೆ ಅಷ್ಟೇನೂ ಗೌರವವಿಲ್ಲ. ಆಧಾರವಿಲ್ಲದ ಸುದ್ದಿ ಗಾಳಿಮಾತು, ಕೈಗೂಡದ ಆಸೆ ಗಾಳಿಗೋಪುರ, ಹೇಳಿದ ಮಾತು ಕೇಳದ ಮಗನಿಗೆ ಎಂಥದೋ ಗಾಳಿ ಬಡಿದಿದೆ. ಆದರೆ ಒಂದು ಟನ್ನಿನ ಆಸುಪಾಸಿನ ಕಾರು, ಅದರೊಳಗೆ ಕುಳಿತ ಐದು ಜನ, ಹಿಂದಿನ ಡಿಕ್ಕಿಯಲ್ಲಿರುವ ತೆಂಗಿನಕಾಯಿ ಮೂಟೆ, ಇವೆಲ್ಲವನ್ನೂ ಹೊತ್ತುಕೊಂಡಿರುವುದು ನಾಲ್ಕು ಚಕ್ರಗಳೊಳಗೆ ಹಿಡಿದಿಟ್ಟ ಆ ಗಾಳಿಯೇ. ಅದು ಕಡಿಮೆಯಾದ ದಿನವೇ ನಮಗೆ ಅದರ ನೆನಪು.

ಕಳೆದ ವರ್ಷ ನಮ್ಮ ಮನೆಯ ಷೆಡ್ಡಿನಲ್ಲಿಡಲು ವಿದ್ಯುತ್ತಿನ ಪುಟ್ಟ ಗಾಳಿಯಂತ್ರವೊಂದನ್ನು ಕೊಳ್ಳೋಣವೆಂದು ನಾನೂ ನನ್ನ ಸೊಸೆಯೂ ಅಂಗಡಿಗೆ ಹೋಗಿದ್ದೆವು. ಎರಡು ಪ್ರಶ್ನೆ ಕೇಳಿದ್ದಕ್ಕೆ ಅಂಗಡಿಯಾತ, "ಯಜಮಾನರನ್ನ ಕರ್ಕೊಂಡು ಬನ್ನಿ ಮೇಡಂ, ಅವರಿಗೆ ಇದೆಲ್ಲ ಗೊತ್ತಾಗುತ್ತೆ" ಎಂದ. "ನಮ್ಮ ಯಜಮಾನರಿಗೆ ಕಾರು ಬಿಡೋಕೇ ಬರಲ್ಲಪ್ಪ, ಬಿಡೋಳು ಇವಳು" ಎಂದೆ. ಸೊಸೆ ನಕ್ಕಳು. "ಬಿಡಿ ಅತ್ತೆ, ದಿನಾ ಇದೇ ಕಥೆ" ಎಂದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳಿಗೆ ಅಷ್ಟು ಸಾಕು. ಈ ಗಾಳಿಗೂ ಹೆಂಗಸರಿಗೂ ಇರುವ ಸಂಬಂಧವನ್ನು ಬುಡದಿಂದ ನೋಡೋಣವೆನ್ನಿಸಿತು.

ಗಾಳಿ ತುಂಬಿದ ಚಕ್ರವನ್ನು ಮೊದಲು ಯೋಚಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್. 1845ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದಾಗ ವಯಸ್ಸು ಇಪ್ಪತ್ಮೂರು. ಒಳಗೆ ರಬ್ಬರು ಸವರಿದ ಕ್ಯಾನ್ವಾಸಿನ ನಳಿಗೆ, ಹೊರಗೆ ಚರ್ಮದ ಹೊದಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗೆ ಕಟ್ಟಿ ಓಡಿಸಿಯೂ ತೋರಿಸಿದ. ಆದರೆ ಬೆಲೆ ದುಬಾರಿ, ಬೇಕಾದಂಥ ತೆಳು ರಬ್ಬರು ಸಿಗದು. ಜನ ಮರೆತರು.

ನಲವತ್ತು ವರ್ಷದ ಮೇಲೆ, 1887ರಲ್ಲಿ, ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲನ್ನು ನೋಡಿದ. ಕಲ್ಲು ಹಾಸಿನ ರಸ್ತೆಯಲ್ಲಿ ಗಟ್ಟಿ ರಬ್ಬರಿನ ಚಕ್ರ ಕುಲುಕಿ ಕುಲುಕಿ ಮಗುವಿಗೆ ತೊಂದರೆ. ತೆಳು ರಬ್ಬರಿನ ನಳಿಗೆ ಮಾಡಿ, ಬಟ್ಟೆಯಿಂದ ಸುತ್ತಿ ಮರದ ಬಿಲ್ಲೆಗೆ ಬಿಗಿದು, ಮಗನ ಫುಟ್‌ಬಾಲಿಗೆ ಗಾಳಿ ತುಂಬುವ ಪಂಪಿನಿಂದಲೇ ಗಾಳಿ ಹೊಡೆದ. ಅಂಗಳದಲ್ಲಿ ಉರುಳಿಸಿದರೆ ಹಳೆಯ ಚಕ್ರ ಅರ್ಧದಲ್ಲೇ ಬಿತ್ತು, ಗಾಳಿಯದ್ದು ಅಂಗಳ ದಾಟಿ ಹೋಯಿತು. 1888ರಲ್ಲಿ ಪೇಟೆಂಟ್ ಬಂತು. ಮುಂದೆ ಥಾಮ್ಸನ್ನನ ಹಳೆಯ ಕಾಗದ ಹೊರಬಿದ್ದು ಡನ್ಲಪ್ಪನ ಹಕ್ಕು ಬಿದ್ದುಹೋಯಿತು, ಹೆಸರು ಮಾತ್ರ ಉಳಿಯಿತು. ಅಂತೂ ಜಗತ್ತಿನ ರಸ್ತೆಗಳನ್ನು ಬದಲಾಯಿಸಿದ ಗಾಳಿ ಹೊರಟದ್ದು ಒಂದು ಮಗುವಿನ ಆಟಿಕೆಯ ಪಂಪಿನಿಂದ.

ತುಂಬಿದ ಗಾಳಿ ಹೊರಬರಬಾರದಲ್ಲ, ಅದಕ್ಕೊಂದು ಬಾಗಿಲು ಬೇಕು. 1893ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ಷ್ರೇಡರ್ ವಾಲ್ವು ಇಂದಿಗೂ ನಮ್ಮ ಕಾರು, ಸ್ಕೂಟರುಗಳಲ್ಲಿದೆ. ನಡುವಿನ ಸೂಜಿಯನ್ನು ಒತ್ತಿದರೆ ಬಾಗಿಲು ತೆರೆಯುತ್ತದೆ, ಬಿಟ್ಟರೆ ಒಳಗಿನ ಸ್ಪ್ರಿಂಗೂ ಗಾಳಿಯೂ ಸೇರಿ ಅದನ್ನು ಮುಚ್ಚುತ್ತವೆ. ನಾವು ಹುಡುಗಿಯರಾಗಿದ್ದಾಗ ತುಳಿದ ಸೈಕಲ್ಲುಗಳದ್ದು ಬೇರೆ ಬಗೆ. ಒಂದು ತೂತಿನ ಕಡ್ಡಿ, ಅದರ ಮೇಲೆ ಎಳೆದು ಕೂರಿಸಿದ ರಬ್ಬರಿನ ವಾಲ್‌ಟ್ಯೂಬು. ಅದು ಬಿರಿದರೆ ಸೈಕಲ್ಲು ತಳ್ಳಿಕೊಂಡೇ ಶಾಲೆಗೆ ಹೋಗಬೇಕು. ಎಷ್ಟು ಗಾಳಿ ಎಂದು ನೋಡಲು ಗೇಜು ಗೀಜು ಇರಲಿಲ್ಲ, ಹೆಬ್ಬೆರಳೇ ಗೇಜು.

ಇಂದಿನ ಯಂತ್ರಗಳ ಮೇಲೆ ಪಿ.ಎಸ್.ಐ., ಬಾರ್, ಕಿಲೋಪಾಸ್ಕಲ್ ಎಂದು ಮೂರು ಲೆಕ್ಕ ಕಾಣುತ್ತವೆ. ಹೆದರಬೇಕಿಲ್ಲ, ಮೂರೂ ಒಂದೇ ಒತ್ತಡದ ಮೂರು ಹೆಸರು. ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡಿನ ಭಾರ ಎನ್ನುವುದು ಪಿ.ಎಸ್.ಐ., 14.5 ಪಿ.ಎಸ್.ಐ. ಸೇರಿದರೆ ಒಂದು ಬಾರ್. ಪಾಸ್ಕಲ್ ಎಂಬುದು ಫ್ರಾನ್ಸಿನ ಬ್ಲೇಸ್ ಪಾಸ್ಕಲನ ಹೆಸರು. ಬೆಟ್ಟ ಹತ್ತಿದಂತೆ ಗಾಳಿಯ ಒತ್ತಡ ಇಳಿಯುವುದೆಂದು ಅವನು 1648ರಲ್ಲಿ ತನ್ನ ಭಾವನನ್ನು ಬೆಟ್ಟ ಹತ್ತಿಸಿ ತೋರಿಸಿದ. ತಾನು ಹತ್ತಲಿಲ್ಲ!

ಇನ್ನು ಹೆಂಗಸರ ಮಾತಿಗೆ ಬರೋಣ. ಗಾಳಿಯ ಚಕ್ರ ಬಂದ ಮೇಲೆಯೇ ಸೈಕಲ್ಲು ಸುಖದ ವಾಹನವಾದದ್ದು, ಹೆಂಗಸರು ಅದನ್ನು ಏರತೊಡಗಿದ್ದು. ಅಮೆರಿಕದ ಫ್ರಾನ್ಸಿಸ್ ವಿಲ್ಲಾರ್ಡ್ ಮೊದಲು ಶಾಲಾ ಶಿಕ್ಷಕಿ, ಆಮೇಲೆ ಪಾನನಿರೋಧ ಚಳವಳಿಯ ನಾಯಕಿ. ಆಕೆ ಸೈಕಲ್ಲು ಕಲಿತದ್ದು ಐವತ್ತಮೂರನೆಯ ವಯಸ್ಸಿನಲ್ಲಿ. ತನ್ನ ಸೈಕಲ್ಲಿಗೆ ಗ್ಲಾಡಿಸ್ ಎಂದು ಹೆಸರಿಟ್ಟು, ಕಲಿತ ಕಥೆಯನ್ನು 1895ರಲ್ಲಿ ಪುಸ್ತಕವಾಗಿ ಬರೆದಳು. ಮಂಡಿನೋವಿನ ನೆಪ ಹೇಳುವ ನಾವು ಇದನ್ನು ಕೇಳಬೇಕು.

1909ರಲ್ಲಿ ಇಪ್ಪತ್ತೆರಡರ ಗೃಹಿಣಿ ಆಲಿಸ್ ರಾಮ್ಸಿ ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ 3800 ಮೈಲಿ ಕಾರು ಓಡಿಸಿದಳು. ಜೊತೆಗಿದ್ದ ಮೂವರು ಹೆಂಗಸರಿಗೆ ಓಡಿಸಲು ಬಾರದು. ಐವತ್ತೊಂಬತ್ತು ದಿನ, ಬಹುಪಾಲು ಮಣ್ಣಿನ ದಾರಿ, ಹನ್ನೊಂದು ಸಲ ಟೈರು ಬದಲಾವಣೆ. ಟೈರು ಬಿಚ್ಚುವುದು, ಟ್ಯೂಬಿಗೆ ತೇಪೆ ಹಾಕುವುದು, ಕೈಪಂಪಿನಲ್ಲಿ ಗಾಳಿ ಹೊಡೆಯುವುದು, ಅಂದಿನ ಮೋಟಾರು ಓಡಿಸುವವರಿಗೆ ಇವೆಲ್ಲ ಬರಲೇಬೇಕಿತ್ತು. ಆಕೆಯನ್ನು ಯಾವ ಅಂಗಡಿಯವನೂ ಯಜಮಾನರನ್ನು ಕರೆತಾ ಎಂದಿರಲಾರ.

ಆದರೆ ಈ ಚರಿತ್ರೆಯಲ್ಲಿ ಸಂತೋಷದ ಪುಟಗಳಷ್ಟೇ ಇಲ್ಲ. ಟೈರಿಗೆ ರಬ್ಬರು ಬೇಕು. ಡನ್ಲಪ್ಪನ ಚಕ್ರ ಉರುಳಿದ್ದೇ ರಬ್ಬರಿನ ಹಸಿವು ಹೆಚ್ಚಿತು. ಆಫ್ರಿಕಾದ ಕಾಂಗೋ ಆಗ ಬೆಲ್ಜಿಯಂನ ದೊರೆ ಎರಡನೇ ಲಿಯೋಪೋಲ್ಡನ ಸ್ವಂತ ಆಸ್ತಿ. ಕಾಡಿನ ಬಳ್ಳಿಯಿಂದ ಇಂತಿಷ್ಟು ರಬ್ಬರು ತರಲೇಬೇಕೆಂದು ಹಳ್ಳಿಹಳ್ಳಿಗೆ ಕಟ್ಟಪ್ಪಣೆ. ಗಂಡಸರು ತರುವವರೆಗೆ ಹೆಂಡಿರು ಮಕ್ಕಳು ಒತ್ತೆಯಾಳುಗಳು. ಕಡಿಮೆ ತಂದವರಿಗೆ ಏಟು, ಗುಂಡು, ಕತ್ತರಿಸಿದ ಕೈ.

1904ರಲ್ಲಿ ಅಲ್ಲಿದ್ದ ಇಂಗ್ಲಿಷ್ ಮಿಷನರಿ ಆಲಿಸ್ ಸೀಲಿ ಹ್ಯಾರಿಸ್ ಎಂಬಾಕೆಯ ಜಗಲಿಗೆ ನ್ಸಾಲಾ ಎಂಬ ತಂದೆ ಎಲೆಯಲ್ಲಿ ಸುತ್ತಿದ ಒಂದು ಗಂಟು ಹೊತ್ತು ಬಂದ. ಒಳಗಿದ್ದುದು ಅವನ ಐದು ವರ್ಷದ ಮಗಳು ಬೋಅಲಿಯ ಪುಟ್ಟ ಕೈ, ಪುಟ್ಟ ಪಾದ. ಆಕೆ ಅಳುತ್ತಾ ಕೂರಲಿಲ್ಲ. ತಂದೆಯನ್ನು ಅವುಗಳೆದುರು ಕೂರಿಸಿ ಫೋಟೋ ತೆಗೆದಳು. ಆ ಚಿತ್ರವನ್ನೂ ಅಂಥ ಹಲವನ್ನೂ ಗಂಡಹೆಂಡಿರಿಬ್ಬರೂ ಊರೂರಿನ ಸಭೆಗಳಲ್ಲಿ ಪರದೆಯ ಮೇಲೆ ತೋರಿಸಿದರು. ಹಲವರ ಹೋರಾಟ ಸೇರಿ 1908ರಲ್ಲಿ ಲಿಯೋಪೋಲ್ಡ್ ಕಾಂಗೋವನ್ನು ಬಿಟ್ಟುಕೊಡಬೇಕಾಯಿತು. ತರಗತಿಯಲ್ಲಿ ಈ ಪಾಠ ಹೇಳಿದ ದಿನ ಹುಡುಗಿಯೊಬ್ಬಳು ಎದ್ದು, "ಆ ಮಗು ಏನು ತಪ್ಪು ಮಾಡಿತ್ತು ಮಿಸ್?" ಎಂದು ಕೇಳಿದ್ದಳು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ, ನನ್ನಲ್ಲೂ ಇರಲಿಲ್ಲ.

ಮುಂದೆ ರಬ್ಬರು ತೋಟಗಳಿಗೆ ಬಂತು. 1876ರಲ್ಲಿ ಬ್ರೆಜಿಲಿನಿಂದ ಲಂಡನ್ನಿಗೆ ಒಯ್ದ ಬೀಜಗಳ ಸಸಿಗಳು ಸಿಲೋನಿಗೆ, ಮಲಯಕ್ಕೆ, ಆಮೇಲೆ ನಮ್ಮ ಕಡೆಗೂ ಹಬ್ಬಿದವು. ಇವತ್ತು ಸುಳ್ಯ, ಪುತ್ತೂರಿನ ಕಡೆ ಹೋದರೆ ಸಾಲುಸಾಲು ರಬ್ಬರು ಮರ. ಅಲ್ಲಿನ ಸರ್ಕಾರಿ ತೋಟಗಳಲ್ಲಿ ದುಡಿದವರಲ್ಲಿ ಬಹುಮಂದಿ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಮೇಲೆ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳು. ಬೆಳಗಿನ ಚಳಿಯಲ್ಲಿ ಮರಕ್ಕೆ ಗೀರು ಹಾಕಿ ಹಾಲು ಇಳಿಸುವ ಕೆಲಸದಲ್ಲಿ ಹೆಂಗಸರ ಕೈಯೂ ಉಂಟು. ನಮ್ಮ ಚಕ್ರದಲ್ಲಿ ಅವರ ಬೆಳಗೂ ಇದೆ.

ಸರಿ, ಯಂತ್ರ ಕೊಳ್ಳುವ ಗೆಳತಿಯರಿಗೆ ನಾಲ್ಕು ಮಾತು. ಒಳಗಿರುವುದು ಒಂದು ಮೋಟಾರು, ಒಂದು ಕೊಂತ, ಒಂದು ಪುಟ್ಟ ಸಿಲಿಂಡರು. ಹಳೆಯ ಸೈಕಲ್ ಪಂಪಿಗೇ ವಿದ್ಯುತ್ತು ಕೊಟ್ಟಂತೆ. ಡಬ್ಬಿಯ ಮೇಲೆ 150 ಪಿ.ಎಸ್.ಐ. ಎಂದು ದೊಡ್ಡದಾಗಿ ಬರೆದಿದ್ದರೆ ಬೆರಗಾಗಬೇಡಿ, ಸಾಮಾನ್ಯ ಕಾರಿಗೆ ಬೇಕಾದ್ದು 30ರಿಂದ 35. ನಿಮಿಷಕ್ಕೆ ಎಷ್ಟು ಲೀಟರು ಗಾಳಿ ಕೊಡುತ್ತದೆಂದು ಕೇಳಿ. ಕಾರಿನ 12 ವೋಲ್ಟಿನ ಸಾಕೆಟ್ಟಿಗೆ ಚುಚ್ಚುವಂಥದ್ದಾದರೆ ವೈರು ಹಿಂದಿನ ಚಕ್ರದವರೆಗೆ ಮುಟ್ಟಬೇಕು. ಎಂಜಿನ್ ಚಾಲೂ ಇಟ್ಟು ಬಳಸುವುದಾದರೆ ಕಾರನ್ನು ಬಯಲಿಗೆ ತಂದುಕೊಳ್ಳಿ; ಷೆಡ್ಡಿನೊಳಗೆ ತುಂಬುವ ಹೊಗೆ ಪ್ರಾಣಕ್ಕೇ ಅಪಾಯ. ಬ್ಯಾಟರಿಯದ್ದು ಹಗುರ, ಆದರೆ ತಿಂಗಳುಗಟ್ಟಲೆ ಚಾರ್ಜು ಮಾಡದೆ ಮರೆತರೆ ಬೇಕಾದ ಹೊತ್ತಿಗೆ ಮಾತಾಡದು. ಹೇಳಿದ ಒತ್ತಡಕ್ಕೆ ತಾನಾಗಿ ನಿಲ್ಲುವ ವ್ಯವಸ್ಥೆ ಇರಲಿ. ಸತತವಾಗಿ ಓಡಿಸಿದರೆ ಬಿಸಿಯಾಗುತ್ತದೆ, ಎಷ್ಟು ನಿಮಿಷಕ್ಕೊಮ್ಮೆ ಬಿಡುವು ಕೊಡಬೇಕೆಂದು ಓದಿಕೊಳ್ಳಿ. ಸಾಮಾನ್ಯ ಸೈಕಲ್ಲಿನ ವಾಲ್ವಿಗೆ ಬೇರೆ ಮೂತಿ ಬೇಕು, ಡಬ್ಬಿಯಲ್ಲಿದೆಯೇ ನೋಡಿ.

ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ. ಎಷ್ಟಿರಬೇಕೆಂಬ ಅಂಕಿ ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಮೀರಬಾರದ ಗರಿಷ್ಠ ಮಿತಿ, ಅಷ್ಟು ತುಂಬಬೇಡಿ. ನಾವು ಇನ್ನೊಂದು ಅಂಗಡಿಯಲ್ಲಿ, ವೈರು ಉದ್ದವಿದ್ದ ಸಾದಾ ಯಂತ್ರವನ್ನೇ ತಂದೆವು.

ನಮ್ಮ ಸರ್ಕಾರ ಎಂಟನೇ ತರಗತಿಯ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡತೊಡಗಿದ್ದು 2006–07ರಲ್ಲಿ. ಸೈಕಲ್ಲು ಬಂತು, ಪಂಪು ಬರಲಿಲ್ಲ. ಗಾಳಿ ಇಳಿದ ಸೈಕಲ್ಲು ಮನೆಯ ಮೂಲೆ ಸೇರಿದರೆ ಅದರ ಹಿಂದೆಯೇ ಹುಡುಗಿಯ ಹಾಜರಿಯೂ ಇಳಿಯುವುದನ್ನು ನಾವು ಟೀಚರುಗಳು ಕಂಡಿದ್ದೇವೆ. ಆಗ ನಾವು ನಾಲ್ವರು ಸೇರಿ ದುಡ್ಡು ಹಾಕಿ ಶಾಲೆಯ ಜಗಲಿಗೊಂದು ಕೈಪಂಪು ತಂದಿಟ್ಟೆವು. ಮೊದಲ ವಾರ ಹುಡುಗಿಯರು ಗಾಳಿ ಹೊಡೆಯಲು ಹುಡುಗರನ್ನು ಕರೆಯುತ್ತಿದ್ದರು. ಎರಡನೇ ವಾರ ಲಂಗ ಎತ್ತಿ ಸಿಕ್ಕಿಸಿಕೊಂಡು ತಾವೇ ಹೊಡೆದರು. ತಿಂಗಳೊಳಗೆ ವಾಲ್‌ಟ್ಯೂಬು ಹಾಕುವುದನ್ನೂ ಕಲಿತರು. ಪಂಪಿನ ತೊಗಲಿನ ವಾಷರು ಎರಡು ಸಲ ಸವೆದು ಬದಲಾಯಿತು. ಅದಕ್ಕೆ ಎಣ್ಣೆ ಬಿಡುವ ಸರದಿಯ ಪಟ್ಟಿಯನ್ನು ಆ ಮಕ್ಕಳೇ ಬರೆದು ಗೋಡೆಗೆ ಅಂಟಿಸಿದ್ದರು.